ಬೆಳಿಗ್ಗೆ ಥಂಡಿ, ಮಧ್ಯಾಹ್ನ ಬಿಸಿಲು: ನಮ್ಮೂರಿನ ಚಳಿಗೆ ಎಂಥ ಶಾಲು, ಎಂಥ ಸ್ಟೋಲ್?

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದವಳು, ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಏಳಕ್ಕೂ ಮೊದಲೇ ಸ್ಕೂಟರಿನಲ್ಲಿ ಜುಬಿಲಿ ಸರ್ಕಲ್‌ವರೆಗೆ ಬಂದು, ಅಲ್ಲಿಂದ ಚಿಗರಿ ಬಸ್ಸು ಹಿಡಿಯುತ್ತೇನೆ. ಕೊರಳಿಗೆ ಥಂಡಿ ಹೊಡೆದು ಪ್ರತಿ ಚಳಿಗಾಲವೂ ದನಿ ಕೂರುತ್ತದೆ. ಆದರೆ ಉಣ್ಣೆ ತಾಗಿದರೆ ಕಡಿತ ಶುರು. ಹೋದ ವರ್ಷ ‘ಒರಿಜಿನಲ್ ಪಶ್ಮೀನಾ’ ಎಂದು 450 ರೂಪಾಯಿಗೆ ಕೊಂಡ ಸ್ಟೋಲ್ ಎರಡೇ ತಿಂಗಳಲ್ಲಿ ಮೈತುಂಬ ಉಂಡಿ ಕಟ್ಟಿತು. ಈ ಸಲ ನನಗೊಂದು, ಎಪ್ಪತ್ತು ದಾಟಿದ ಅತ್ತೆಯವರಿಗೊಂದು ಕೊಳ್ಳಬೇಕು. ಫೆಬ್ರುವರಿಯಲ್ಲಿ ಗದಗಿನಲ್ಲಿ ಮೈದುನನ ಮದುವೆ ಇದೆ, ರೇಷ್ಮೆ ಸೀರೆಯ ಮೇಲೆ ಹೊದೆಯುವಂಥದ್ದೂ ಬೇಕು. ಮನೆಯಲ್ಲಿ ನೆಗೆಣ್ಣಿಯ ಆರು ತಿಂಗಳ ಕೂಸು ಇದೆ, ಅದಕ್ಕೇನು ಹೊದಿಸಬೇಕು? ಇವನ್ನೆಲ್ಲ ನುಸಿ ತಿನ್ನದ ಹಾಗೆ ಇಡುವುದು ಹೇಗೆ?

ಉತ್ತರ: ಮೊದಲು ನಮ್ಮ ಚಳಿ ಎಂಥದ್ದು ಎಂದು ನೋಡೋಣ. ಡಿಸೆಂಬರ್-ಜನವರಿಯಲ್ಲಿ ಧಾರವಾಡದ ನಸುಕು ಹದಿಮೂರು-ಹದಿನಾಲ್ಕು ಡಿಗ್ರಿ, ಕೆಲವು ದಿನ ಹತ್ತರ ಹತ್ತಿರಕ್ಕೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಎರಡಕ್ಕೆ ಇಪ್ಪತ್ತೊಂಬತ್ತು, ಮೂವತ್ತು. ಅಂದರೆ ಏಳಕ್ಕೆ ಹಲ್ಲು ಕಟಕಟ ಎನ್ನುವವರು ಹನ್ನೆರಡಕ್ಕೆ ಫ್ಯಾನ್ ಹಾಕುತ್ತಾರೆ. ಸಿಮ್ಲಾ, ಶ್ರೀನಗರದವರಿಗೆ ಹೇಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಹೊದ್ದದ್ದನ್ನು ಸಂಜೆವರೆಗೆ ತೆಗೆಯುವ ಮಾತಿಲ್ಲ, ಇಲ್ಲಿ ಹತ್ತು ಗಂಟೆಗೆ ತೆಗೆದು ಮಡಚಿ ಚೀಲದಲ್ಲಿ ಇಡಲೇಬೇಕು. ಆದ್ದರಿಂದ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು: ದಪ್ಪ ನೋಡಿ ಕೊಳ್ಳಬೇಡಿ. ತೆಳುವಾದ, ಅಗಲವಾದ, ನಯ ಎಳೆಯ ಬಟ್ಟೆ ತಗೊಂಡು ಸುತ್ತು ಹೆಚ್ಚು ಹಾಕಿಕೊಳ್ಳಿ. ಮೈ ಬೆಚ್ಚಗೆ ಇಡುವುದು ನೂಲಿಗಿಂತ ಹೆಚ್ಚಾಗಿ ನೂಲಿನ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ. ನಮ್ಮ ಕೌದಿಯೂ ಇದೇ ಕೆಲಸ ಮಾಡುತ್ತದೆ. ಹಳೆಯ ಸೀರೆಗಳ ತೆಳು ಪದರಗಳೇ, ಆದರೆ ಎಂಟ್ಹತ್ತು ಪದರ ಕೂಡಿದರೆ ಜನವರಿಯ ರಾತ್ರಿ ಕಳೆಯುತ್ತದೆ.

ಇನ್ನು ಕಡಿತದ ವಿಷಯ. ‘ನನಗೆ ಉಣ್ಣೆ ಅಲರ್ಜಿ’ ಎನ್ನುವವರಲ್ಲಿ ಹೆಚ್ಚಿನವರಿಗೆ ಅಲರ್ಜಿ ಇರುವುದಿಲ್ಲ. ಎಳೆಯ ದಪ್ಪವೇ ಕಾರಣ. ಉಣ್ಣೆಯ ಎಳೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಎಳೆ ಸುಮಾರು ಮೂವತ್ತು ಮೈಕ್ರಾನ್ ದಾಟಿದರೆ ಬಟ್ಟೆಯಿಂದ ಹೊರಗೆ ಚಾಚಿದ ಅದರ ತುದಿ ಸೆಟೆದು ನಿಂತು ಚರ್ಮವನ್ನು ಚುಚ್ಚುತ್ತದೆ. ಅದಕ್ಕಿಂತ ನಯವಾದ ಎಳೆ ಚರ್ಮಕ್ಕೆ ತಾಗಿದ ಕೂಡಲೇ ಬಾಗುತ್ತದೆ, ಕಡಿತವೂ ಇಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಈ ಗೆರೆಯ ಆಚೆಗಿನದು. ಸ್ಕಾರ್ಫಿಗೆ ಬಳಸುವ ಮೆರಿನೋ, ಅಂದರೆ ಆ ಹೆಸರಿನ ತಳಿಯ ಕುರಿಯ ನಯ ಉಣ್ಣೆ, ಸಾಮಾನ್ಯವಾಗಿ ಹದಿನೇಳರಿಂದ ಇಪ್ಪತ್ತು ಮೈಕ್ರಾನ್, ಪಶ್ಮೀನಾ ಇನ್ನೂ ನಯ. ಹಾಗಾಗಿ ಉಣ್ಣೆಯನ್ನೇ ಬಿಡಬೇಡಿ, ಎಳೆಯನ್ನು ಬದಲಿಸಿ. ಅಂಗಡಿಯಲ್ಲಿ ಎಲ್ಲರೂ ಬಟ್ಟೆಯನ್ನು ಅಂಗೈಯಲ್ಲಿ ಹಿಚುಕಿ ನೋಡುತ್ತಾರೆ. ಪಾತ್ರೆ ತಿಕ್ಕಿ, ಸೀಮೆಸುಣ್ಣ ಹಿಡಿದು ಒರಟಾದ ಅಂಗೈಗೆ ಏನೂ ತಿಳಿಯುವುದಿಲ್ಲ. ಕಿವಿಯ ಕೆಳಗೆ, ಕೊರಳಿನ ಬದಿಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. ಅಲ್ಲಿ ಸುಮ್ಮನಿದ್ದರೆ ದಿನವಿಡೀ ಸುಮ್ಮನಿರುತ್ತದೆ. ಅಂಗಡಿಯವರು ಏನಂದುಕೊಂಡಾರು ಎಂಬ ಮುಲಾಜು ಬೇಡ. ಅಷ್ಟಾಗಿಯೂ ತ್ರಾಸವಾದರೆ ಒಳಗೆ ಮೆತ್ತನೆಯ ಹತ್ತಿ ದುಪಟ್ಟಾ ಒಂದು ಸುತ್ತು, ಅದರ ಮೇಲೆ ಉಣ್ಣೆ. ಚರ್ಮವೇ ಕೆಂಪಾಗಿ ದದ್ದು ಎದ್ದರೆ ಮಾತ್ರ ಅದು ಬೇರೆ ವಿಷಯ, ಚರ್ಮದ ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಬಣ್ಣದ ದೋಷವೂ ಇರುತ್ತದೆ.

ನಿಮ್ಮ 450 ರೂಪಾಯಿಯ ಪಶ್ಮೀನಾ ಪಶ್ಮೀನಾ ಅಲ್ಲ. ಇದನ್ನು ಬಟ್ಟೆ ನೋಡದೆಯೇ ಹೇಳಬಹುದು. ಲಡಾಖಿನ ಚಾಂಗ್‌ಥಾಂಗ್ ಎತ್ತರದಲ್ಲಿ ಸಾಕುವ ಮೇಕೆಯ ಒಳಗೂದಲನ್ನು ವಸಂತದಲ್ಲಿ ಬಾಚಿ ತೆಗೆಯುತ್ತಾರೆ. ಒಂದು ಮೇಕೆಗೆ ವರ್ಷಕ್ಕೆ ಸಿಗುವುದು ನೂರು-ನೂರೈವತ್ತು ಗ್ರಾಂ, ಅದರಲ್ಲೂ ಒರಟುಗೂದಲು ಬೇರ್ಪಡಿಸಿದ ಮೇಲೆ ಉಳಿಯುವುದು ಇನ್ನೂ ಕಡಿಮೆ. ಅದನ್ನು ಕೈಯಿಂದ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆ ನಾಲ್ಕುನೂರೈವತ್ತಕ್ಕೆ ಹುಬ್ಬಳ್ಳಿಯ ದುರ್ಗದಬೈಲಿಗೆ ಬರುವುದು ಸಾಧ್ಯವೇ? ಕಾಶ್ಮೀರ ಪಶ್ಮೀನಾಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅಂದರೆ ಆ ಸೀಮೆಯ ಅಸಲಿ ಮಾಲಿಗಷ್ಟೇ ಆ ಹೆಸರು. ಎಳೆ ಹದಿನಾರು ಮೈಕ್ರಾನ್ ಮೀರಬಾರದು, ಕೈನೂಲು, ಕೈಮಗ್ಗ ಆಗಿರಬೇಕು ಎಂಬುದು ಅದರ ಷರತ್ತು. ಅಂಥದ್ದಕ್ಕೆ ಬೆಲೆ ಸಾವಿರಗಳಲ್ಲೇ.

‘ಅಕ್ಕಾರ, ಉಂಗುರದಾಗ ಪಾರಾಗತೈತಿ ನೋಡ್ರಿ’ ಎಂದು ಉಂಗುರದೊಳಗೆ ಸ್ಟೋಲ್ ಎಳೆದು ತೋರಿಸಿದರೆ ಮರುಳಾಗಬೇಡಿ. ತೆಳುವಾದ ಯಾವ ಬಟ್ಟೆಯೂ ಉಂಗುರದಲ್ಲಿ ಪಾರಾಗುತ್ತದೆ, ಐವತ್ತು ರೂಪಾಯಿಯ ವಿಸ್ಕೋಸ್ ದುಪಟ್ಟಾ ಕೂಡ. ಇನ್ನು ‘ಶಹತೂಶ್’ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೂ ಹೋಗಬೇಡಿ. ಅದು ಚಿರು ಎಂಬ ಟಿಬೆಟಿನ ಕಾಡುಪ್ರಾಣಿಯನ್ನು ಕೊಂದು ತೆಗೆದ ಕೂದಲು, 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲು ಸುಡುವ ಪರೀಕ್ಷೆಯಷ್ಟು ನೇರವಾದದ್ದು ಇನ್ನೊಂದಿಲ್ಲ. ಸ್ಟೋಲಿನ ತುದಿಯ ದಶಿಯಿಂದ ಒಂದೆರಡು ಎಳೆ ಕಿತ್ತುಕೊಳ್ಳಿ. ಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ, ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ ತುದಿಗೆ ತಾಗಿಸಿ. ಉಣ್ಣೆಯಾದರೆ ಒಲ್ಲದ ಮನಸ್ಸಿನಿಂದ ಎಂಬಂತೆ ಚಿರಚಿರ ಸುರುಟುತ್ತದೆ, ಕಡ್ಡಿ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಉಳಿದ ಕಪ್ಪು ಬೂದಿಯನ್ನು ಬೆರಳಿನಲ್ಲಿ ಒತ್ತಿದರೆ ಪುಡಿಪುಡಿ. ಉಣ್ಣೆಯಂತೆ ಕಾಣುವ ಕೃತಕ ನೂಲಾದ ಅಕ್ರಿಲಿಕ್ ಆದರೆ ಭಗ್ಗನೆ ಹತ್ತಿ, ಕರಗಿ, ತುದಿಗೆ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಆರಿದ ಮೇಲೆ ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ವಿಸ್ಕೋಸ್, ಹತ್ತಿ ಎರಡೂ ಕಾಗದ ಉರಿದ ಹಾಗೆ ಉರಿದು ಮೆತ್ತನೆಯ ಬೂದಿ ಬಿಡುತ್ತವೆ. ಒಂದು ಮಾತು: ಈ ಪರೀಕ್ಷೆ ಉಣ್ಣೆ ಹೌದೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ಮೆರಿನೋ, ಪಶ್ಮೀನಾ ಎರಡೂ ಒಂದೇ ರೀತಿ ಸುಡುತ್ತವೆ. ನೇಯ್ಗೆಯ ಉದ್ದದ ಎಳೆಗೆ (ಹಾಸು) ಒಂದು ನೂಲು, ಅಡ್ಡ ಎಳೆಗೆ (ಹೊಕ್ಕು) ಇನ್ನೊಂದು ಬಳಸಿದ್ದರೂ ಇರಬಹುದು, ಆದ್ದರಿಂದ ಅಂಚಿನ ಎರಡೂ ದಿಕ್ಕಿನಿಂದ ಎಳೆ ತೆಗೆಯಿರಿ. ನಿಮ್ಮ ಸ್ಟೋಲ್ ಉಂಡಿ ಕಟ್ಟಿದ್ದನ್ನು ನೋಡಿದರೆ ಅಕ್ರಿಲಿಕ್ ಇರಬೇಕು. ಉಣ್ಣೆಯಲ್ಲೂ ಉಂಡಿ ಏಳುತ್ತದೆ, ಆದರೆ ಉಣ್ಣೆಯ ಎಳೆ ಅಷ್ಟು ಗಟ್ಟಿಯಲ್ಲವಾದ್ದರಿಂದ ಉಂಡಿ ಬೇಗ ಉದುರಿಹೋಗುತ್ತದೆ. ಅಕ್ರಿಲಿಕ್ ಎಳೆ ಗಟ್ಟಿ, ಉಂಡಿ ಬಿಟ್ಟು ಹೋಗುವುದೇ ಇಲ್ಲ.

ಹಾಗಂತ ಅಕ್ರಿಲಿಕ್ ಅನ್ನು ಹಳಿಯುವವಳು ನಾನಲ್ಲ. ಚಳಿಗಾಲದಲ್ಲಿ ಟಿಬೆಟಿನವರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಸಿಗುವ ಮಾಲಿನಲ್ಲಿ ಬಹುಪಾಲು ಲುಧಿಯಾನದ್ದು, ಅದರಲ್ಲೂ ಹೆಚ್ಚಿನದು ಅಕ್ರಿಲಿಕ್. ಶಾಲೆಗೆ ಹೋಗುವ ಹುಡುಗರಿಗೆ, ನಸುಕಿನಲ್ಲಿ ಹೊಲಕ್ಕೆ ಹೋಗುವವರಿಗೆ ಅದೇ ಸರಿ. ಒಗೆದರೆ ಕುಗ್ಗದು, ನುಸಿ ಮುಟ್ಟದು, ಕಳೆದುಹೋದರೂ ಹೊಟ್ಟೆ ಉರಿಯದು. ಅದನ್ನು ಅಕ್ರಿಲಿಕ್ ಎಂದೇ ಮಾರಿದರೆ ಆಯಿತು, ಅದರ ಬೆಲೆಗೇ ಕೊಂಡರೆ ಆಯಿತು. ಆದರೆ ಒಲೆಯ ಮುಂದೆ ಮಾತ್ರ ಅಕ್ರಿಲಿಕ್, ಪಾಲಿಯೆಸ್ಟರ್ ಶಾಲು ಬೇಡವೇ ಬೇಡ. ಗ್ಯಾಸಿನ ಮೇಲಿಂದ ಕೈ ಚಾಚುವಾಗ, ಬಚ್ಚಲ ಒಲೆಗೆ ಕಟ್ಟಿಗೆ ತುರುಕುವಾಗ, ಅಂಗಳದಲ್ಲಿ ಬೆಂಕಿ ಕಾಯಿಸುವಾಗ ಸೆರಗು ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಅತ್ತೆಯವರ ಶಾಲು ಉಣ್ಣೆಯದೇ ಇರಲಿ ಎನ್ನಲು ನನ್ನ ಮೊದಲ ಕಾರಣ ಇದೇ.

ಈಗ ನಿಮ್ಮ ಸ್ಕೂಟರಿಗೆ ಬರೋಣ. ಹತ್ತು ಡಿಗ್ರಿ ಚಳಿಯಲ್ಲಿ ಐವತ್ತರ ವೇಗದಲ್ಲಿ ಹೋದರೆ ಬರಿಮೈಗೆ ತಟ್ಟುವ ಥಂಡಿ ಐದಾರು ಡಿಗ್ರಿಯಷ್ಟು. ಗಾಳಿ ಮೈಯ ಸುತ್ತ ನಿಂತ ಬೆಚ್ಚನೆಯ ಪದರವನ್ನು ಎಳೆದೊಯ್ಯುತ್ತದೆ. ಆದ್ದರಿಂದ ಸ್ಕೂಟರಿನ ಮೇಲೆ ದಪ್ಪಗೆ ಹೆಣೆದ ಮಫ್ಲರ್ ಅಷ್ಟು ಕೆಲಸಕ್ಕೆ ಬಾರದು. ಹೆಣಿಗೆಯ ತೂತಿನಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ಒತ್ತಾಗಿ ನೇಯ್ದದ್ದು ಹೊರಗೆ, ನಯ ಉಣ್ಣೆ ಒಳಗೆ. ನೇರ ಹೇಳುವುದಾದರೆ ಕೊರಳಪಟ್ಟಿ ಎತ್ತರದ ಒಂದು ವಿಂಡ್‌ಚೀಟರ್, ಅದರೊಳಗೆ ಎಪ್ಪತ್ತು ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದದ ಮೆರಿನೋ ಸ್ಟೋಲ್. ಉದ್ದಕ್ಕೆ ಮಡಚಿ, ಎರಡು ಸುತ್ತು ಹಾಕಿ, ಎರಡೂ ತುದಿಯನ್ನು ಎದೆಯ ಮೇಲೆ ಜಾಕೆಟ್ಟಿನ ಒಳಗೆ ಸೇರಿಸಿ ಜಿಪ್ ಎಳೆಯಿರಿ. ತುದಿ ಹಿಂದೆ ಹಾರಾಡಲು ಬಿಡಬೇಡಿ. ದುಪಟ್ಟಾ ಗಾಲಿಗೆ ಸಿಕ್ಕಿ ಕೊರಳು ಬಿಗಿದ ಸುದ್ದಿ ನಾವೆಲ್ಲ ಓದಿದ್ದೇವೆ. ಹಿಂದಿನ ಗಾಲಿಗೆ ಅರ್ಧದಷ್ಟಾದರೂ ಮರೆ ಇರಬೇಕು ಎಂದು ಮೋಟಾರು ವಾಹನ ನಿಯಮದಲ್ಲೇ ಇದೆ. ನಿಮ್ಮದರಲ್ಲಿ ಸಾರಿ ಗಾರ್ಡ್ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಹೆಲ್ಮೆಟ್ಟಿನ ಒಳಗೆ ದಪ್ಪ ಬಟ್ಟೆ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಗಲ್ಲದ ಪಟ್ಟಿಯ ಕೆಳಗೆ ಗಂಟು ಬಂದರೆ ಪಟ್ಟಿ ಸಡಿಲವಾಗುತ್ತದೆ. ಕಿವಿಗೆ ತೆಳು ಹತ್ತಿಯ ಟೊಪ್ಪಿಗೆ ಸಾಕು.

ಬಸ್ಸು ಹತ್ತಿದ ಮೇಲೆ ಜಾಕೆಟ್ ತೆಗೆದರೂ ಸ್ಟೋಲ್ ಇರಲಿ. ಹೊರಗಿನ ಥಂಡಿ ಸಾಲದು ಎಂಬಂತೆ ಚಿಗರಿಯೊಳಗೆ ಎಸಿ ಬೇರೆ ಇರುತ್ತದೆ. ಆಗ ಸ್ಟೋಲ್ ಬಿಚ್ಚಿ ಭುಜದ ಮೇಲೆ ಹರವಿಕೊಂಡರೆ ಅದೇ ಶಾಲು. ಅಗಲ ಬೇಕು ಎಂದದ್ದು ಇದಕ್ಕೇ. ಬರೀ ಮೂವತ್ತು ಸೆಂಟಿಮೀಟರಿನ ಮಫ್ಲರಿಗೆ ಈ ಎರಡನೇ ವೇಷ ಇಲ್ಲ.

ಬಣ್ಣದ ಬಗ್ಗೆ ನನ್ನದೊಂದು ಪಕ್ಷಪಾತ ಇದೆ. ನಮ್ಮ ಎರೆಮಣ್ಣಿನ ಧೂಳಿಗೆ ಕೆನೆಬಣ್ಣ, ತಿಳಿ ಬೂದು ಒಂದು ವಾರ ತಡೆಯುವುದಿಲ್ಲ. ಉಣ್ಣೆಯನ್ನು ಪದೇಪದೇ ಒಗೆಯುವ ಹಾಗೂ ಇಲ್ಲ. ಕುಂಕುಮಗೆಂಪು, ಕಡುನೀಲಿ, ನೇರಳೆ, ಎಲೆಹಸಿರು ತಗೊಳ್ಳಿ. ನಿಮ್ಮ ಹತ್ತಿ ಸೀರೆ, ಚೂಡಿದಾರಗಳಲ್ಲಿ ಅರ್ಧಕ್ಕಾದರೂ ಹೊಂದುವ ಒಂದೇ ಬಣ್ಣದ್ದಾದರೆ ಸಾಕು. ಕಪ್ಪು ಎಲ್ಲಕ್ಕೂ ಹೊಂದುತ್ತದೆ ಎನ್ನುತ್ತಾರೆ, ಆದರೆ ಸೀಮೆಸುಣ್ಣ ಹಿಡಿಯುವವರಿಗೆ ಕಪ್ಪು ಸಲ್ಲ. ಕಡುಬಣ್ಣ ಕೊಳ್ಳುವಾಗ ಬಿಳಿ ಕರವಸ್ತ್ರ ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ನಿಮ್ಮ ಬಿಳಿ ಕಾಲರಿಗೂ ಅದೇ ಗತಿ.

ನಯ ಉಣ್ಣೆಯ ಸ್ಟೋಲಿಗೆ ಸಾವಿರದಿಂದ ಎರಡು, ಎರಡೂವರೆ ಸಾವಿರ ಇಟ್ಟುಕೊಳ್ಳಿ. ವೂಲ್‌ಮಾರ್ಕ್ ಗುರುತು ಇದ್ದರೆ ಪೂರ್ತಿ ಹೊಸ ಉಣ್ಣೆ ಎಂದರ್ಥ. ಅದರಲ್ಲೇ ‘ಬ್ಲೆಂಡ್’ ಎಂದಿದ್ದರೆ ಮಿಶ್ರಣ, ಚೀಟಿ ತಿರುವಿ ಪ್ರಮಾಣ ಓದಿ. ಖಾದಿ ಭಂಡಾರಗಳಲ್ಲಿ ಉಣ್ಣೆಯ ಶಾಲುಗಳಿರುತ್ತವೆ, ಗಾಂಧಿ ಜಯಂತಿಯ ಹೊತ್ತಿಗೆ ರಿಯಾಯಿತಿಯೂ ಇರುತ್ತದೆ. ಬೆಂಗೇರಿ, ಗರಗ ಎಂದರೆ ಎಲ್ಲರಿಗೂ ರಾಷ್ಟ್ರಧ್ವಜದ ಖಾದಿಯೇ ನೆನಪಾಗುತ್ತದೆ, ಆದರೆ ಉಣ್ಣೆ ಒಲ್ಲದವರಿಗೆ ಕೈನೂಲಿನ ದಪ್ಪ ಹತ್ತಿ ಖಾದಿಯೂ ಒಳ್ಳೆಯ ಹೊದಿಕೆ. ಕೈನೂಲು ಮಿಲ್ಲಿನ ನೂಲಿನಷ್ಟು ಬಿಗಿಯಾಗಿ ಹೊಸೆದಿರುವುದಿಲ್ಲ, ಗಾಳಿ ಹಿಡಿದಿಡುತ್ತದೆ. ಬೆವರಿ ಒದ್ದೆಯಾದರೆ ಮಾತ್ರ ಹತ್ತಿ ತಣ್ಣಗಾಗುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಯೂ ಕೈಗೆ ಒಣಗಿದಂತೆಯೇ ಇರುತ್ತದೆ. ಅವಸರ ಇಲ್ಲದಿದ್ದರೆ ಸಂಕ್ರಮಣ ಕಳೆಯಲಿ. ಸ್ವೆಟರಿನವರು ಅಂಗಡಿ ಎತ್ತುವ ಹೊತ್ತಿಗೆ ಚೌಕಾಸಿ ಚೆನ್ನಾಗಿ ನಡೆಯುತ್ತದೆ.

ಅತ್ತೆಯವರಿಗೆ ಹಿಮಾಚಲದ ಕುಲ್ಲು ಶಾಲು ತರಬಹುದು. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ, ಅಂಚಿಗೆ ಬಣ್ಣದ ಪಟ್ಟಿ. ಕೈಮಗ್ಗದ್ದಾದರೆ ಪಟ್ಟಿಯ ಚಿತ್ತಾರ ನೇಯ್ಗೆಯಲ್ಲೇ ಬಂದಿರುತ್ತದೆ. ತೂಕ ನೋಡಿ. ವಯಸ್ಸಾದವರ ಹೆಗಲಿಗೆ ಭಾರವಾದ ಶಾಲು ಅರ್ಧ ಗಂಟೆಗೆ ಬೇಡವಾಗಿ ಕುರ್ಚಿಯ ಮೇಲೆ ಬೀಳುತ್ತದೆ. ಉದ್ದವೂ ಅತಿಯಾಗದಿರಲಿ, ಮೆಟ್ಟಿಲಲ್ಲಿ ತುದಿ ಕಾಲಿಗೆ ಸಿಗಬಾರದು. ಕಂಬಳಿಯ ಆಸೆ ಅವರಿಗಿದ್ದರೆ ಹಾವೇರಿ ಜಿಲ್ಲೆಯ ಮೇಡ್ಲೇರಿ ಕಡೆಯ ಕರಿಕಂಬಳಿ ತರಿಸಿ. ಹುಣಸೆಬೀಜದ ಗಂಜಿ ಕುಡಿಸಿ ನೇಯ್ದ ಕಂಬಳಿ ಗಾಳಿಗೂ ತುಂತುರು ಮಳೆಗೂ ಜಗ್ಗುವುದಿಲ್ಲ. ದೇವರಗುಡ್ಡದ ಗೊರವಯ್ಯಗಳ ಮೈಮೇಲೆ ನೋಡಿರುತ್ತೀರಿ. ಆದರೆ ಅದು ಕೊರಳಿಗೆ ಸುತ್ತುವ ವಸ್ತುವಲ್ಲ. ಕಟ್ಟೆಯ ಮೇಲೆ ಕೂತಾಗ ಮೊಳಕಾಲಿನ ಮೇಲೆ ಹಾಕಿಕೊಳ್ಳಲು, ಹಾಸಿಗೆಯ ಮೇಲೆ ಹೊದೆಯಲು. ಹೊಸ ಕಂಬಳಿ ಮೊದಮೊದಲು ಹಲಗೆಯ ಹಾಗೆ ಸೆಟೆದಿರುತ್ತದೆ, ಬಳಸುತ್ತಾ ಮೆತ್ತಗಾಗುತ್ತದೆ.

ಮದುವೆಯ ಮಾತು ನನಗೆ ಇಷ್ಟದ್ದು. ಫೆಬ್ರುವರಿಯ ಗದಗಿನಲ್ಲಿ ಹಗಲು ಏನೂ ಬೇಕಾಗದು. ಬೇಕಾಗುವುದು ನಸುಕಿನ ಅರಿಷಿಣದ ಹೊತ್ತಿಗೆ, ಮತ್ತೆ ರಾತ್ರಿ ಬಯಲಲ್ಲಿ ಆರತಕ್ಷತೆ ಇಟ್ಟರೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ, ಗದಗಿನ ಗಾಳಿಗೆ ಹೆಸರೇ ಇದೆ. ಇಲ್ಲಿ ಉಣ್ಣೆ ಬೇಡ, ಟಸರ್ (ಕಾಡುರೇಷ್ಮೆ) ಅಥವಾ ದಪ್ಪ ರೇಷ್ಮೆಯ ಮೇಲೆ ಕಸೂತಿ ಹಾಕಿಸಿದ ಸ್ಟೋಲ್ ಇರಲಿ. ತೂಕಕ್ಕೆ ಹೋಲಿಸಿದರೆ ರೇಷ್ಮೆ ಬೆಚ್ಚಗಿನ ಬಟ್ಟೆಯೇ. ಕಸೂತಿ ಎಂದದ್ದು ಧಾರವಾಡದ ಅಭಿಮಾನಕ್ಕಷ್ಟೇ ಅಲ್ಲ. ಸೀರೆಯ ಮೇಲಿನ ಕಸೂತಿಗೆ ಒಳಮೈ ಯಾರೂ ನೋಡುವುದಿಲ್ಲ, ಸ್ಟೋಲ್ ಮಾತ್ರ ಗಾಳಿಗೆ ತಿರುಗಿ, ಹೆಗಲಿನಿಂದ ಜಾರಿ, ಎರಡೂ ಮೈ ತೋರಿಸುತ್ತದೆ. ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ. ಹೋಗುವಾಗ ಬಿಟ್ಟ ಜಾಗವನ್ನು ಸೂಜಿ ಬರುವಾಗ ತುಂಬುತ್ತದೆ, ಗಂಟು ಇರುವುದೇ ಇಲ್ಲ. ನೇಗಿ, ಮೆಂತಿ ಹೊಲಿಗೆಗಳ ಹಿಂಬದಿ ಬೇರೆಯಾಗಿರುತ್ತದೆ. ಹಾಗಾಗಿ ಹೊಲಿಯುವವರಿಗೆ ‘ಗವಂತಿ, ಮುರಗಿ ಎರಡೇ ಇರಲಿ’ ಎಂದು ಮೊದಲೇ ಹೇಳಿ. ಗೋಪುರ, ತೇರು, ಆನೆ ಏನೇ ಇರಲಿ, ಎರಡು ತುದಿಗೆ ಮಾತ್ರ ಹಾಕಿಸಿ. ನಡುವೆ ತುಂಬಿಸಿದರೆ ಬಟ್ಟೆ ಸೆಟೆಯುತ್ತದೆ, ಹೆಗಲಿನ ಮೇಲೆ ಇಳಿಬೀಳುವುದಿಲ್ಲ. ಸಿದ್ಧವಾದದ್ದನ್ನೇ ಕೊಳ್ಳುವುದಾದರೆ ತಿರುವಿ ನೋಡಿ. ಹಿಂಬದಿಗೆ ಬಿಳಿ ನೂಲಿನ ಜಾಲ, ಅಂಟಿಸಿದ ಕಾಗದದಂಥ ಬಟ್ಟೆ ಕಂಡರೆ ಅದು ಮಷೀನಿನ ಕೆಲಸ. ಕೈಕಸೂತಿ ಎಣಿಸಿ ಹಾಕುವ ಕೆಲಸ, ತಡವಾಗುತ್ತದೆ. ಫೆಬ್ರುವರಿಗೆ ಬೇಕಿದ್ದರೆ ಈಗಲೇ ಕೊಡಿ.

ಇಳಕಲ್ ಸೀರೆ ಉಡುವುದಾದರೆ ಅದರ ಕೆಂಪು-ಬಿಳಿ ಟೋಪತೆನಿ ಸೆರಗಿನ ಮೇಲೆ ಇನ್ನೊಂದು ಚಿತ್ತಾರ ಹೇರಬೇಡಿ, ಒಂದೇ ಬಣ್ಣದ ಸ್ಟೋಲ್ ಸಾಕು. ಸೆರಗು ಎಡಹೆಗಲಿಗಿದ್ದರೆ ಸ್ಟೋಲ್ ಬಲಹೆಗಲಿಗೆ. ಎರಡೂ ಒಂದೇ ಕಡೆ ಬಂದರೆ ಅಷ್ಟು ದುಡ್ಡು ಕೊಟ್ಟ ಸೆರಗು ಯಾರಿಗೂ ಕಾಣುವುದಿಲ್ಲ.

ಕೂಸಿಗೆ ಹೊಸದೇನೂ ಬೇಡ. ನಮ್ಮ ಹಿರಿಯರ ಕುಂಚಿಗೆ, ಕುಲಾವಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತಲೆ, ಕಿವಿ, ಬೆನ್ನು ಮುಚ್ಚುತ್ತದೆ, ಮುಖ ತೆರೆದೇ ಇರುತ್ತದೆ. ಖಣದ ಕುಂಚಿಗೆಗೆ ಒಳಗೆ ಹಳೆಯ ಮೆತ್ತನೆಯ ಹತ್ತಿ ಸೀರೆಯ ಅಸ್ತರು ಕೊಡಿಸಿ. ಕೊರಳಿಗೆ ಉದ್ದ ಲಾಡಿ, ಸ್ಕಾರ್ಫ್ ಬೇಡ. ಮಲಗಿಸುವಾಗ ಮುಖದ ಹತ್ತಿರ ಸಡಿಲ ಶಾಲು ಇಡಬೇಡಿ.

ಇನ್ನು ನುಸಿ. ಉಣ್ಣೆ ತಿನ್ನುವುದು ಹಾರುವ ಹುಳು ಅಲ್ಲ, ಅದರ ಮರಿ. ಅದಕ್ಕೂ ಬೆವರು, ಎಣ್ಣೆ, ಚಹಾದ ಕಲೆ ಇರುವ ಜಾಗವೇ ಹೆಚ್ಚು ರುಚಿ. ಆದ್ದರಿಂದ ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋದ ಮೇಲೆ ಒಗೆದೇ ಇಡಬೇಕು. ಅಂಟವಾಳಕಾಯಿ ನೆನೆಸಿದ ನೀರು ಅಥವಾ ಉಣ್ಣೆಗೆಂದೇ ಬರುವ ಸೋಪು, ನೀರು ಕೈಗೆ ಬಿಸಿ ಎನಿಸಬಾರದು. ಉಜ್ಜಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪದರುಗಳಿವೆ, ಬಿಸಿ ನೀರಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಶಾಲು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆದು, ನೆರಳಲ್ಲಿ ಚಾಪೆಯ ಮೇಲೆ ಹರವಿ. ತಂತಿಗೆ ನೇತುಹಾಕಿದರೆ ಜೋತು ಉದ್ದವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ಪಂಜೆಯಲ್ಲಿ ಸುತ್ತಿಡಿ. ಒಣಗಿದ ಬೇವಿನೆಲೆ ಹುಳವನ್ನು ಒಂದಿಷ್ಟು ದೂರ ಇಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮಳೆಗಾಲದ ನಡುವೆ ಒಮ್ಮೆ ಬಿಸಿಲು ಬಿದ್ದ ದಿನ ತೆಗೆದು ಕೊಡವಿ, ಮಡಿಕೆ ಬದಲಿಸಿ ಇಡಿ.

ಡಾಂಬರ ಗುಳಿಗೆಯನ್ನು ದೊಡ್ಡವರ ಶಾಲಿನ ಟ್ರಂಕಿಗೆ ಹಾಕುವುದಾದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ, ಉಡುವ ಮುಂಚೆ ಒಂದು ದಿನ ಗಾಳಿಗೆ ಹರವಿ. ಕೂಸಿನ ಕುಂಚಿಗೆ, ದುಪ್ಪಟಿಗಳ ಹತ್ತಿರ ಅದನ್ನು ತರಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ಆವಿ ಹಿಡಿದ ಬಟ್ಟೆಯಿಂದಲೇ ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾದದ್ದಿದೆ, ಕೊರತೆ ಇರುವುದು ಮೊದಲೇ ಗೊತ್ತಿರುವುದಿಲ್ಲ. ಕೂಸಿನ ಬಟ್ಟೆಗೆ ಬೇರೆಯೇ ಡಬ್ಬಿ ಇಡಿ, ಬೇವಿನೆಲೆಯಷ್ಟೇ ಸಾಕು.